ಹಸಿ ಎಷ್ಟು ಇಳದೈತಿ?

ನಮ್ಮ ಕಡೆ ರಾತ್ರಿ ಮಳೆಯಾದರೆ ಬೆಳಿಗ್ಗೆ ಕಟ್ಟೆಯ ಮೇಲೆ ಮೊದಲು ಏಳುವ ಪ್ರಶ್ನೆ ಒಂದೇ: ‘ಹಸಿ ಎಷ್ಟು ಇಳದೈತಿ?’ ಎಷ್ಟು ಹೊತ್ತು ಬಿತ್ತು, ಗುಡುಗಿತೋ ಇಲ್ಲವೋ, ಯಾರ ಮನೆ ಮಾಳಿಗೆ ಸೋರಿತು, ಇವೆಲ್ಲ ಆಮೇಲಿನ ಮಾತು. ಹೊಲಕ್ಕೆ ಹೋಗಿ ಬಂದವನು ಬಾಯಿಂದ ಹೇಳುವುದಕ್ಕಿಂತ ಕೈಯಿಂದ ಹೇಳುತ್ತಾನೆ. ನಾಲ್ಕು ಬೆರಳು ತೋರಿಸಿದರೆ ಕೇಳಿದವರು ಸುಮ್ಮನೆ ಬೀಡಿ ಹಚ್ಚುತ್ತಾರೆ. ಗೇಣು ತೋರಿಸಿದರೆ ಎದ್ದು ಮನೆಗೆ ಹೋಗಿ ಕೂರಿಗಿ ತೆಗೆಯುತ್ತಾರೆ. ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಗೇಣು ಹಸಿ ಸಾಕು, ಬಿತ್ತಬಹುದು. ಕರಿ ಮಣ್ಣಿನ ಎರಿ ಹೊಲ ಅಷ್ಟಕ್ಕೆ ತಣಿಯುವುದಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕು ಕೂಡುವವರೆಗೆ ಅದು ಕುಡಿಯುತ್ತಲೇ ಇರುತ್ತದೆ.

ನಾನು ಕನಕಗಿರಿ ಹೋಬಳಿಯಲ್ಲಿ ಗ್ರಾಮ ಲೆಕ್ಕಿಗನಾಗಿ ನೌಕರಿ ಮಾಡಿದವನು. ನಮ್ಮಜ್ಜ ನಿಜಾಮರ ಕಾಲದ ಪಟವಾರಿ. ಬೆಳೆ ಎಷ್ಟಾಣೆ, ಭೂಮಿ ಎಷ್ಟು ಬೀಳು ಬಿತ್ತು, ಕಂದಾಯ ಎಷ್ಟು ಬಾಕಿ ಎಂದು ಬರೆಯುತ್ತ ನಮ್ಮಿಬ್ಬರ ಆಯುಷ್ಯವೂ ಕಳೆಯಿತು. ಆದರೆ ಅಜ್ಜನಿಗೆ ದಫ್ತರ ಬಿಚ್ಚುವ ಮೊದಲು ಇನ್ನೊಂದು ಲೆಕ್ಕ ಬೇಕಾಗುತ್ತಿತ್ತು. ಮಳೆಯಾದ ಮುಂಜಾನೆ ಮೊಮ್ಮಕ್ಕಳನ್ನು ಎಬ್ಬಿಸಿ, ‘ತಮ್ಮಾ, ಹೊಲದಾಗ ಏನೇನ ಎದ್ದಾವ ನೋಡ್ಕೊಂಡ ಬಾ’ ಎಂದು ಅಟ್ಟುತ್ತಿದ್ದ. ನಮಗೆ ಅದು ಆಟ. ಬದುವಿನ ಮೇಲೆ ಓಡುವುದು, ಹಳ್ಳದ ಕೆಂಪು ನೀರಿಗೆ ಕಾಲಿಡುವುದು, ಜಾಲಿ ಮುಳ್ಳಿನ ತುದಿಯ ಹನಿಯನ್ನು ನಾಲಿಗೆಗೆ ಹಚ್ಚಿಕೊಳ್ಳುವುದು. ಅಜ್ಜನಿಗೆ ಅದೇ ವರದಿ. ಮಳೆಯ ಬೆಳಗಿನ ಸಣ್ಣ ಸಂತೋಷಗಳು ಎಂದು ಪೇಟೆಯವರು ಹೇಳುವಾಗ ನನಗೆ ನೆನಪಾಗುವುದು ಈ ವರದಿ ಒಪ್ಪಿಸುವ ಕೆಲಸ. ನೌಕರಿಯಿಂದ ಇಳಿದ ಮೇಲೆ ಈ ಸೀಮೆಯ ಹಳೆಯ ಸಂಗತಿಗಳನ್ನು ಓದುತ್ತ ಹೋದಾಗ ತಿಳಿದದ್ದೇನೆಂದರೆ, ಅಜ್ಜ ಹಾಗೆ ನೋಡಿಸುವುದನ್ನು ತಾನಾಗಿ ಕಂಡುಹಿಡಿದಿರಲಿಲ್ಲ. ಅದು ಇಲ್ಲಿಯ ಕಲ್ಲು, ಶಾಸ್ತ್ರ, ಧರ್ಮ, ಕಂದಾಯ ನಾಲ್ಕರಲ್ಲೂ ಇತ್ತು.

ಮೊದಲು ನಮ್ಮ ಬಡತನದ ಅಂಕಿ ಹೇಳಿಬಿಡುತ್ತೇನೆ. ಕೊಪ್ಪಳ ಜಿಲ್ಲೆಗೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸಿನ ಮಳೆ. ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಒಂದು ದಿನದಲ್ಲಿ ಎರಡೂವರೆ ಮಿಲಿಮೀಟರ್ ಬಿದ್ದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಮಳೆಯ ದಿನ ಎಂದು ಒಪ್ಪುತ್ತದೆ. ಅಂಥ ದಿನಗಳು ನಮಗೆ ವರ್ಷದಲ್ಲಿ ಕೆಲವೇ. ಮಲೆನಾಡಿನವರಿಗೆ ಮಳೆ ಮೂರು ತಿಂಗಳ ನೆಂಟ, ಬೇಸರವೂ ಬರಬಹುದು. ನಮ್ಮಲ್ಲಿ ಬೇಸರಕ್ಕೆ ಆಸ್ಪದವಿಲ್ಲ. ಬಂದದ್ದನ್ನು ಕಣ್ಣಿಟ್ಟು ನೋಡದಿದ್ದರೆ ಮತ್ತೆ ನೋಡುವುದು ಯಾವಾಗಲೋ.

ಅಜ್ಜನ ವರದಿಯಲ್ಲಿ ಮೊದಲ ಕಲಮು ಮಿರಗದ ಹುಳದ್ದು. ಮೃಗಶಿರಾ ಮಳೆಯನ್ನು ನಾವು ಮಿರಗ ಎನ್ನುತ್ತೇವೆ. ಮಿರಗ ಕೂಡಿ ಹದವಾಗಿ ಮಳೆಯಾದರೆ ಮರುದಿನ ಬಿಸಿಲೇರುವ ಮುಂಚೆ ಮಸಾರಿ ನೆಲದ ಮೇಲೆ ಕುಂಕುಮದ ಬಣ್ಣದ, ಮಖಮಲ್ಲಿನ ಮೈಯ, ತೊಗರಿ ಕಾಳಿನ ಗಾತ್ರದ ಜೀವಗಳು ಹರಿದಾಡುತ್ತವೆ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬೀಳುತ್ತವೆ. ಮಕ್ಕಳು ಬೆಂಕಿಪೊಟ್ಟಣದಲ್ಲಿ ಹಸಿ ಹುಲ್ಲು ಹಾಸಿ ಅವನ್ನು ಸಾಕುತ್ತಿದ್ದೆವು. ಎಂಟು ಕಾಲಿನ ಈ ಪ್ರಾಣಿ ನಿಜವಾಗಿ ಜೇಡದ ಬಳಗದ್ದು. ಇದರ ಮರಿಗಳು ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ರಸ ಹೀರಿ ಬೆಳೆಯುತ್ತವೆ. ಬೆಳೆದವು ವರ್ಷದ ಬಹುಪಾಲು ನೆಲದೊಳಗೇ ಇದ್ದು, ಉಣ್ಣುವುದಕ್ಕೂ ಜೋಡಿ ಕೂಡುವುದಕ್ಕೂ ಒಳ್ಳೆಯ ಮಳೆ ಕಾದು ಮೇಲೆ ಬರುತ್ತವೆ. ಕಾಲುವೆ ಸೀಮೆಯ ಕ್ಯಾಂಪುಗಳಲ್ಲಿರುವ ತೆಲುಗರು ಇದನ್ನು ಆರುದ್ರ ಪುರುಗು ಎಂದು ಮುಂದಿನ ಮಳೆಯ ಹೆಸರಿನಿಂದ ಕರೆಯುತ್ತಾರೆ. ಮೇಲುಮೇಲಿನ ತುಂತುರಿಗೆ ಅದು ಏಳುವುದಿಲ್ಲ. ತಾನಿರುವ ಆಳಕ್ಕೆ ನೀರು ತಲುಪಿದಾಗಲೇ ಏಳುತ್ತದೆ. ಹಾಗಾಗಿ ಹುಳ ಎದ್ದಿದೆ ಎಂದು ನಾವು ಓಡಿಬಂದು ಹೇಳಿದರೆ ಅಜ್ಜನಿಗೆ ಹಸಿ ಎಷ್ಟು ಇಳಿದಿದೆ ಎಂಬುದು ಸಲಿಕೆ ಮುಟ್ಟದೆ ಗೊತ್ತಾಗುತ್ತಿತ್ತು.

ಇದೇ ಮಿರಗದ ದಿನವನ್ನು ದಖ್ಖಣದ ಸರ್ಕಾರಗಳು ತಮ್ಮ ವರ್ಷದ ಮೊದಲ ದಿನ ಮಾಡಿಕೊಂಡಿದ್ದವು ಎಂಬುದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಹಿಜರಿ ವರ್ಷ ಚಂದ್ರನದು. ಪ್ರತಿವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಬೆಳೆ ಹಾಗೆ ಸರಿಯುವುದಿಲ್ಲ. ರೈತನ ಕಣದಲ್ಲಿ ಕಾಳು ಇಲ್ಲದ ತಿಂಗಳಲ್ಲಿ ಕಂದಾಯ ಕೇಳಿದರೆ ಯಾರು ಕೊಟ್ಟಾರು? ಅದಕ್ಕೆ ಹದಿನಾಲ್ಕನೆಯ ಶತಮಾನದಿಂದ ದಖ್ಖಣದಲ್ಲಿ ಶುಹೂರ್ ಸನ್ ಎಂಬ ಸೌರ ವರ್ಷ ಬಳಕೆಗೆ ಬಂತು. ಸೂರ್ಯ ಮೃಗಶಿರಾ ನಕ್ಷತ್ರ ಸೇರುವ ದಿನ, ಅಂದರೆ ಜೂನ್ ಮೊದಲ ವಾರದಲ್ಲಿ, ಅದು ಶುರುವಾಗುತ್ತಿತ್ತು. ಮರಾಠರ ದಫ್ತರಗಳಲ್ಲಿಯೂ ಅದೇ ನಡೆಯಿತು. ಅದಕ್ಕೆ ಮೃಗಸಾಲ ಎಂಬ ಹೆಸರೂ ಇದೆ. ಅಕ್ಬರನ ಕಾಲದ ಫಸಲಿ ವರ್ಷವನ್ನು ಷಾಜಹಾನ್ 1630ರ ದಶಕದಲ್ಲಿ ದಖ್ಖಣಕ್ಕೆ ತಂದಾಗ ಇಲ್ಲಿ ಅದನ್ನೂ ಮಿರಗಕ್ಕೇ ಕಟ್ಟಿದರು. ದಖ್ಖಣದಲ್ಲಿ ಮೊಘಲರು, ಬಿಜಾಪುರದವರು, ಪುಣೆಯವರು ಎಲ್ಲರ ಬರಹಗಾರರೂ ಹೊಸ ವಹಿ ತೆರೆಯುವ ದಿನ ನಮ್ಮ ಹೊಲದಲ್ಲಿ ಕೆಂಪು ಹುಳ ಏಳುವ ದಿನವೇ ಆಗಿತ್ತು. ಮುಂದೆ ಹೈದರಾಬಾದ್ ಸರ್ಕಾರ ಫಸಲಿಯ ಆರಂಭವನ್ನು ಅಕ್ಟೋಬರಿನ ಆಜೂರ್ ತಿಂಗಳಿಗೆ ಒಯ್ದಿತು. ಅಜ್ಜ ಬರೆದದ್ದೆಲ್ಲ ಆ ಲೆಕ್ಕದಲ್ಲಿಯೇ. ‘ಸರ್ಕಾರದ ವರ್ಷ ಆಜೂರಿಗೆ ಹುಟ್ಟತೈತಿ, ನೆಲದ್ದು ಮಿರಗಕ್ಕ’ ಎನ್ನುತ್ತಿದ್ದ.

ಇನ್ನೂ ಹಿಂದಕ್ಕೆ ಹೋಗೋಣ. ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನ ಆಚೀಚೆ ಹಿರೇಬೆಣಕಲ್ ಇದೆ. ಊರ ಹಿಂದಿನ ಗುಡ್ಡ ಹತ್ತಿದರೆ ಮೋರ್ಯರ ಮನೆಗಳು. ಗಿಡ್ಡ ಜನ ಕಟ್ಟಿಕೊಂಡ ಮನೆ ಎಂದು ಹಳ್ಳಿಯವರ ಮಾತು. ಬೃಹತ್ ಶಿಲಾಯುಗದ ಸಮಾಧಿಗಳು ಎಂದು ಪುರಾತತ್ವದವರ ಮಾತು. ಬಂಡೆ ಸೀಳಿ ತೆಗೆದ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಒಂದು ಬದಿಗೆ ದುಂಡನೆಯ ಕಿಂಡಿ ಕೊರೆದಿದ್ದಾರೆ. ನಾನೂರರ ಸಮೀಪ ಸ್ಮಾರಕಗಳಿವೆ. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಹೋದವರೆಲ್ಲ ಕಿಂಡಿಯಲ್ಲಿ ತಲೆ ತೂರಿಸಿ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ನಾನು ಹೇಳುವುದು, ಮಳೆಯ ಮರುದಿನ ಹೋಗಿ, ಸಮಾಧಿಗಳ ನಡುವಿನ ನೀರನ್ನು ನೋಡಿ. ಚಪ್ಪಡಿ ಕಿತ್ತ ಜಾಗವೇ ಅಲ್ಲಿ ಕೆರೆ. ಸುತ್ತಲಿನ ಬಂಡೆಗಳ ಮೇಲೆ ಚಿಕ್ಕ ಚಿಕ್ಕ ದೊಣೆಗಳು. ಹಿರೇಬೆಣಕಲ್ಲಿನಲ್ಲೂ ತುಂಗಭದ್ರೆಯ ದಂಡೆಯ ಕಡೇಬಾಗಿಲಿನ ಸುತ್ತಲೂ ಅಧ್ಯಯನ ಮಾಡಿದ ಆಂಡ್ರ್ಯೂ ಬಾವರ್ ಎಂಬ ಪುರಾತತ್ವಜ್ಞರು, ಕಬ್ಬಿಣ ಯುಗದ ಜನ ಬಂಡೆಯ ಸಹಜ ಹೊಂಡಗಳನ್ನು ತಿದ್ದಿ, ಒಡ್ಡು ಕಟ್ಟಿ ಮಳೆ ನೀರು ನಿಲ್ಲಿಸಿದ್ದನ್ನು ಗುರುತಿಸಿದ್ದಾರೆ. ಸತ್ತವರಿಗೆ ಮನೆ ಕಟ್ಟಿದ ಜನ ಇದ್ದವರಿಗೆ, ದನಕರುಗಳಿಗೆ ಗುಡ್ಡದ ಮೇಲೆಯೇ ನೀರು ಹಿಡಿದರು.

ಈ ದೊಣೆಗಳನ್ನು ಮಳೆಗಾಲದಲ್ಲಿ ಬಗ್ಗಿ ನೋಡಿದವರಿಗೆ ಗೊತ್ತು. ವಾರದ ಹಿಂದೆ ಕಾದ ಹೆಂಚಿನಂತಿದ್ದ ಬಂಡೆಯ ಕುಳಿಯಲ್ಲಿ ಈಗ ಗೊದಮೊಟ್ಟೆಗಳು ಬಾಲ ಬಡಿಯುತ್ತಿರುತ್ತವೆ. ನೀರು ಆರುವ ಮೊದಲು ಕಾಲು ಮೂಡಬೇಕು ಎಂಬ ಅವಸರ ಅವಕ್ಕೆ. ಕೆಳಗೆ ಕೆರೆಯಂಗಳದಲ್ಲಿ ದೊಡ್ಡ ಗಂಡು ಕಪ್ಪೆಗಳು ಆ ಕೆಲವೇ ದಿನಗಳ ಮಟ್ಟಿಗೆ ಅರಿಸಿನ ಬಣ್ಣಕ್ಕೆ ತಿರುಗಿ ಕೂಗುತ್ತವೆ. ಬಂಡೆಯ ಸಂದಿಯ ಹಾವಸೆ ಒಂದೇ ರಾತ್ರಿಯಲ್ಲಿ ಹಸಿರಾಗುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದೆ ಚಪ್ಪಡಿ ಎಳೆಯುತ್ತಿದ್ದ ಮನುಷ್ಯನೂ ಇದನ್ನು ಬಗ್ಗಿ ನೋಡದೆ ಇದ್ದಿರಲಾರ. ನೋಡಿದ್ದರಿಂದಲೇ ಯಾವ ಕುಳಿಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂದು ತಿಳಿದ, ತಿಳಿದದ್ದರಿಂದಲೇ ಒಡ್ಡು ಕಟ್ಟಿದ.

ಆ ಮೇಲೆ ಮೌರ್ಯರು ಬಂದರು. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. 1931ರಲ್ಲಿ ಇವು ಬೆಳಕಿಗೆ ಬಂದವು. ಗವಿಮಠದ ಬರಹಕ್ಕೆ ಮೇಲೆ ಚಾಚಿದ ಬಂಡೆಯ ನೆರಳು ಸಿಕ್ಕಿದ್ದರಿಂದ ಅಕ್ಷರ ಚೆನ್ನಾಗಿ ಉಳಿದಿವೆ. ಪಾಲ್ಕಿಗುಂಡಿನದು ಮಳೆ ಗಾಳಿಗೆ ಸವೆದಿದೆ. ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಆಜ್ಞೆ ಕಳಿಸುತ್ತಾರೆ. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಎಂದು ಕೆಲವು ವಿದ್ವಾಂಸರು ವಾದಿಸಿದರು. ಮಸ್ಕಿಯ ಸುತ್ತ ಎಂದು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಇನ್ನು ಕೆಲವರು. ಊರಭಿಮಾನಕ್ಕೆ ನಾನು ನಮ್ಮೂರಿನ ಪಕ್ಷ. ಆದರೆ ನನ್ನ ಕುತೂಹಲ ರಾಜಧಾನಿಯದಲ್ಲ, ಉಗ್ರಾಣದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಒಂದು ಅರತ್ನಿ, ಅಂದರೆ ಒಂದು ಮೊಳ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂಬ ವಿಧಿ ಇದೆ. ಯಾವ ಸೀಮೆಗೆ ಎಷ್ಟು ದ್ರೋಣ ಮಳೆ ಬಂದರೆ ಬಿತ್ತಿಗೆ ಹೊಂದುತ್ತದೆ ಎಂಬ ಪಟ್ಟಿಯೂ ಇದೆ. ಅವಂತಿಗೆ 23, ದಖ್ಖಣದ ಅಶ್ಮಕಕ್ಕೆ ಹದಿಮೂರೂವರೆ. ಆ ಕಾಲದ ಪಟ್ಟಿಯಲ್ಲಿಯೂ ದಖ್ಖಣದ ಪಾಲು ಸಣ್ಣದೇ. ಸುವರ್ಣಗಿರಿ ಎಲ್ಲೇ ಇರಲಿ, ಅದರ ಉಗ್ರಾಣದ ಮುಂದೆಯೂ ಯಾರೋ ಒಬ್ಬ ನನ್ನಂಥ ಲೆಕ್ಕಿಗ ಬೆಳಿಗ್ಗೆ ಎದ್ದು ಪಾತ್ರೆಗೆ ಬಗ್ಗಿದ್ದಾನು ಎಂದುಕೊಂಡರೆ ನನ್ನ ವೃತ್ತಿಯ ಬಗ್ಗೆ ಗೌರವ ಹೆಚ್ಚುತ್ತದೆ.

ಮಳೆಯಲ್ಲಿ ಏಳುವ ಸಣ್ಣ ಜೀವಗಳಿಗೆ ಈ ನೆಲದಲ್ಲಿ ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಕೊಟ್ಟವರು ಜೈನ ಮುನಿಗಳು. ಇಂದಿನ ಕೊಪ್ಪಳವೇ ಅಂದಿನ ಕೊಪಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳ ನಾಡಿನ ಎಲ್ಲೆ ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆ ಕೊಪಣವನ್ನೂ ಹೆಸರಿಸುತ್ತದೆ. ಜೈನರಿಗೆ ಅದು ಮಹಾತೀರ್ಥ. ವರ್ಷವಿಡೀ ಊರೂರು ನಡೆಯುವ ಮುನಿ ಆಷಾಢದಿಂದ ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಾನೆ. ಮಳೆಗೆ ಹೆದರಿಯಲ್ಲ. ಆ ತಿಂಗಳುಗಳಲ್ಲಿ ನೆಲದ ತುಂಬ ಹುಳು, ಇರುವೆ, ಮೊಳಕೆ. ಹೆಜ್ಜೆ ಇಟ್ಟಲ್ಲೆಲ್ಲ ಒಂದು ಜೀವ. ತುಳಿಯದೆ ಇರಬೇಕೆಂದರೆ ನಡಿಗೆಯನ್ನೇ ನಿಲ್ಲಿಸಬೇಕು. ಚಾತುರ್ಮಾಸವೆಂಬ ಈ ವ್ರತದ ಬುಡದಲ್ಲಿ ಇರುವುದು ಮಳೆಗಾಲದ ನೆಲವನ್ನು ಸೂಕ್ಷ್ಮವಾಗಿ ಕಂಡ ಕಣ್ಣು. ಕೊಪಣದ ಗುಡ್ಡಗಳ ಗವಿಗಳಲ್ಲಿ ಮಳೆಗಾಲ ಕಳೆದ ಮುನಿಗಳು ಕೆಂಪು ಹುಳ ಕಂಡಾಗ ಅದರಿಂದ ಬಿತ್ತಿಗೆಯ ಲೆಕ್ಕ ಹಾಕಲಿಲ್ಲ, ತಮ್ಮ ಪಾದದ ಲೆಕ್ಕ ಹಾಕಿಕೊಂಡರು.

ನೋಡಿದ್ದನ್ನು ಕನ್ನಡದಲ್ಲಿ ಬರೆದಿಟ್ಟವರೂ ಇದ್ದರು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಚಾವುಂಡರಾಯನೆಂಬ ಕವಿ 1025ರ ಸುಮಾರಿಗೆ ಲೋಕೋಪಕಾರ ಬರೆದ. ಮನೆ ಕಟ್ಟುವುದು, ಬಾವಿ ತೋಡಲು ನೀರಿನ ಸೆಲೆ ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧ, ಅಡಿಗೆ, ಹೀಗೆ ಸಂಸಾರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. 1300ರ ಸುಮಾರಿಗೆ ಜೈನ ಕವಿ ಅರ್ಹದ್ದಾಸ, ರಟ್ಟಕವಿ ಎಂದು ಪ್ರಸಿದ್ಧನಾದವನು, ಮಳೆ, ಮಿಂಚು, ಭೂಕಂಪ, ಗ್ರಹಚಾರಗಳ ಲಕ್ಷಣಗಳನ್ನೇ ವಿಷಯ ಮಾಡಿಕೊಂಡು ಒಂದು ಗ್ರಂಥ ರಚಿಸಿದ. ಅದು ರಟ್ಟಮತ. ಮುಂದಿನ ಶತಮಾನದಲ್ಲಿ ಅದು ತೆಲುಗಿಗೂ ಹೋಯಿತು. ರಾಜರ ಯುದ್ಧ, ತೀರ್ಥಂಕರರ ಕಥೆ ಬರೆಯುವುದು ರೂಢಿಯಾಗಿದ್ದ ಕಾಲದಲ್ಲಿ ಮೋಡ ನೋಡಿ ಕಾವ್ಯ ಕಟ್ಟಬೇಕೆಂದು ಒಬ್ಬನಿಗೆ ಅನ್ನಿಸಿತಲ್ಲ, ಬಯಲುಸೀಮೆಯ ಕನ್ನಡಕ್ಕೆ ಅದು ಸಹಜವಾದ ಹೆಮ್ಮೆ.

ಗ್ರಂಥ ಓದದವರ ಶಾಸ್ತ್ರ ನಾಲಿಗೆಯ ಮೇಲಿತ್ತು. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ. ಆರಿದ್ರಾ ಆದರೆ ದಾರಿದ್ರ್ಯ ಇಲ್ಲ. ಮಘಿ ಮಳೆ ಬಂದಷ್ಟೂ ಚೊಲೋ, ಮನಿ ಮಗ ಉಂಡಷ್ಟೂ ಚೊಲೋ. ಯುಗಾದಿಯ ದಿನ ಗುಡಿಯ ಮುಂದೆ ಪಂಚಾಂಗ ಓದುವಾಗ ಪ್ರತಿ ಮಳೆಗೂ ಒಂದು ವಾಹನ ಹೇಳುತ್ತಾರೆ. ಕಪ್ಪೆ, ಆನೆ, ಎಮ್ಮೆಯ ಮೇಲೆ ಬರುವ ಮಳೆ ಜೋರು. ನರಿ, ಕತ್ತೆಯ ಮೇಲೆ ಬರುವುದು ಕೈಕೊಡುತ್ತದೆ. ಇದೆಲ್ಲ ನಿಜವಾಗುತ್ತದೆಯೇ ಎಂದು ಕೇಳಿದರೆ ಅಜ್ಜ ನಗುತ್ತಿದ್ದ. ‘ವಾಹನ ಯಾವುದರ ಇರಲಿ, ಬಂತೋ ಇಲ್ಲೋ ಅಂತ ನೀ ಹೊರಗ ಹೋಗಿ ನೋಡತೀಯಲ್ಲ, ಅದ ಸಾಕು.’ ಹದಿಮೂರು ಹದಿನಾಲ್ಕು ದಿನಕ್ಕೊಂದು ಹೊಸ ಹೆಸರು ಕೊಟ್ಟು, ಹೆಸರಿಗೊಂದು ಪ್ರಾಣಿ ಕೊಟ್ಟು, ಇಡೀ ಊರನ್ನು ಆಕಾಶದ ಕಡೆ ಎಚ್ಚರವಾಗಿಡುವ ಉಪಾಯ ಅದು.

ಕನಕಗಿರಿ ಎಂದರೆ ಹೊರಗಿನವರಿಗೆ ಕನಕಾಚಲಪತಿಯ ಗುಡಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತು ಅದರ ಕಂಬ, ಗಾರೆಯ ಗೊಂಬೆ, ಕರಿಕಲ್ಲಿನ ಮೂರ್ತಿಗಳನ್ನು ಕುರಿತದ್ದು. ವಿಜಯನಗರದ ಅಧೀನದಲ್ಲಿ ಆಳಿದ ಗುಜ್ಜಲ ವಂಶದ ನಾಯಕರು ಕಟ್ಟಿಸಿದ್ದು. ಆದರೆ ಆನೆಗುಂದಿಯ ಹಾಗೆ ಕನಕಗಿರಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುವುದಿಲ್ಲ. ನದಿಯ ದಂಡೆಯಲ್ಲಿ ವಿಜಯನಗರದ ಅರಸರು ಅಣೆಕಟ್ಟಿ ಕಾಲುವೆ ತೆಗೆದರು. ಇಲ್ಲಿಯ ನಾಯಕರಿಗೆ ಉಳಿದದ್ದು ಮೇಲಿನಿಂದ ಬೀಳುವ ನೀರು, ಕೆಳಗಿನಿಂದ ಜಿನುಗುವ ನೀರು. ಊರಿನಲ್ಲಿ ಏಳುನೂರೊಂದು ಗುಡಿ, ಏಳುನೂರೊಂದು ಬಾವಿ ಇದ್ದವು ಎನ್ನುವ ಮಾತು ಇನ್ನೂ ಜನರ ಬಾಯಲ್ಲಿದೆ. ಸಂಖ್ಯೆ ಬಿಡಿ, ಗುಡಿಗೊಂದು ಬಾವಿಯನ್ನು ಸರಿಸಮ ಎಣಿಸಿದರಲ್ಲ, ಅದು ಈ ಊರಿನ ವಿವೇಕ.

ಆ ಬಾವಿಗಳಲ್ಲಿ ದೊರೆ ಎಂದರೆ ಊರ ಹೊರಗಿನ ವೆಂಕಟಪ್ಪ ನಾಯಕನ ಬಾವಿ. ಬಾವಿ ಎನ್ನುವುದಕ್ಕಿಂತ ನೆಲದೊಳಗೆ ಇಳಿಸಿದ ಅರಮನೆ. ನಾಲ್ಕೂ ಕಡೆ ಮೆಟ್ಟಿಲು, ಕಂಬಗಳ ಸಾಲು, ಕೆತ್ತನೆ. ಮಳೆ ನಿಂತ ಬೆಳಿಗ್ಗೆ ಅಲ್ಲಿಗೆ ಹೋದರೆ ಕಲ್ಲಿನ ಬಣ್ಣವೇ ಬೇರೆ. ಒಣಗಿದಾಗ ಬೂದಿಯಾಗಿ ಕಾಣುವ ಕಲ್ಲು ನೆನೆದಾಗ ಕರಿ, ಕೆಂಪು, ಗುಲಾಬಿ ಚುಕ್ಕೆಗಳನ್ನು ತೋರಿಸುತ್ತದೆ. ಉಳಿಯ ಗೆರೆ ಒಂದೊಂದೂ ಎದ್ದು ಕಾಣುತ್ತದೆ. ಬಿಸಿಲಿನಲ್ಲಿ ಹೋದ ಪ್ರವಾಸಿಗೆ ಕಾಣದ ಹಂಸ, ಬಳ್ಳಿಗಳು ನೆನೆದ ಕಲ್ಲಿನಲ್ಲಿ ಸಿಗುತ್ತವೆ. ನಾಯಕರ ಪರಿವಾರ ಇಲ್ಲಿ ಜಳಕ ಮಾಡಿ ಸಂತೋಷಪಟ್ಟಿತು. ಅವರ ಸಂತೋಷಕ್ಕೂ ಆಧಾರ ಸುತ್ತಲಿನ ಮಸಾರಿ ನೆಲದಲ್ಲಿ ಇಳಿದ ಹಸಿಯೇ. ಹಸಿ ಇಳಿಯದ ವರ್ಷ ಅರಮನೆಯ ಮೆಟ್ಟಿಲಿಗೂ ನೀರು ಮುಟ್ಟುವುದಿಲ್ಲ.

ಮಳೆ ನೆಲಕ್ಕೆ ಮಾಡುವ ಮೊದಲ ಉಪಕಾರ ಮಣ್ಣನ್ನು ಮಿದುವಾಗಿಸುವುದು. ಅದನ್ನು ಹಬ್ಬವಾಗಿ ಬದಲಿಸಿದವರು ನಮ್ಮ ಹೆಣ್ಣುಮಕ್ಕಳು ಮತ್ತು ಕುಂಬಾರರು. ಉತ್ತರ ಕರ್ನಾಟಕದಲ್ಲಿ ವರ್ಷಕ್ಕೆ ಐದು ಮಣ್ಣಿನ ಪೂಜೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಜ್ಯೇಷ್ಠದ ಅಮಾವಾಸ್ಯೆಯಿಂದ ಭಾದ್ರಪದದವರೆಗೆ ಇವು ಸಾಲಾಗಿ ಬರುತ್ತವೆ, ಮುಂಗಾರಿಯ ಕಾಲವೂ ಅದೇ. ಮಿರಗ, ಆರಿದ್ರಾಗಳ ಹೊತ್ತಿಗೆ ಮಣ್ಣೆತ್ತು. ಕುಂಬಾರ ಮಾಡಿದ್ದು ಕೊಂಡರೂ ಮಕ್ಕಳಿಗೆ ತಾವೇ ಹಳ್ಳದ ಜಿಗುಟು ಮಣ್ಣು ತಂದು ಎತ್ತಿಗೆ ಕೋಡು ಹಚ್ಚಿದರೇ ಸಮಾಧಾನ. ಆಷಾಢದ ಮಂಗಳವಾರ ಗುಳ್ಳವ್ವ, ಅವಳಿಗೆ ಗುಲಗಂಜಿ ಕಾಳಿನ ಅಲಂಕಾರ. ಭಾದ್ರಪದದಲ್ಲಿ ಬುಟ್ಟಿಯೊಳಗೆ ಬೇವಿನ ಸೊಪ್ಪಿನ ನಡುವೆ ಕೂತು ಓಣಿ ಓಣಿ ಸುತ್ತುವ ಜೋಕುಮಾರ ಸಾಯುವುದೇ ಮಳೆಗಾಗಿ. ಮೇಲೆ ಹೋಗಿ ಶಿವನಿಗೆ ಭೂಲೋಕದ ಕಷ್ಟ ಹೇಳಿ ಮಳೆ ಕಳಿಸುತ್ತಾನೆ ಎಂದು ನಂಬಿಕೆ. ಗಣಪ್ಪ ಸುಖ ಕಂಡು ಹೋಗಿ ಎಲ್ಲ ಚೊಲೋ ಇದೆ ಎನ್ನುತ್ತಾನೆ, ಜೋಕುಮಾರ ಹರಕು ಗುಡಿಸಲು ಕಂಡು ಹೋಗಿ ನಿಜ ಹೇಳುತ್ತಾನೆ ಎಂದು ಅಜ್ಜಿ ವಿವರಿಸುತ್ತಿದ್ದಳು. ಕಂದಾಯ ಇಲಾಖೆಯ ಮನೆತನದಲ್ಲಿ ಹುಟ್ಟಿದ ನನಗೆ ಈ ಕಥೆ ಸುಲಭವಾಗಿ ಅರ್ಥವಾಯಿತು. ವರದಿ ಒಪ್ಪಿಸುವವನು ಎಲ್ಲಿ ತಿರುಗಿದ್ದಾನೆ ಎಂಬುದರ ಮೇಲೆ ಪರಿಹಾರ ನಿಂತಿರುತ್ತದೆ.

ಮಳೆ ಬಾರದಿದ್ದರೆ ಗುರ್ಜಿ. ರೊಟ್ಟಿಯ ಹಂಚಿನ ಮೇಲೆ ಸೆಗಣಿಯ ಗುರ್ಜಿ ಕೂರಿಸಿ, ಗರಿಕೆ ಸಿಗಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯಾಕೆ ಕೊಡ ನೀರು ಸುರಿಯುತ್ತಾಳೆ, ಹೊತ್ತವನು ತಿರುಗುತ್ತಾನೆ, ನೀರು ಸುತ್ತ ಚಿಮ್ಮುತ್ತದೆ. ಆ ಬೇಡಿಕೆಯ ಹಿಂದಿನ ದಿಗಿಲು ಸಣ್ಣದಲ್ಲ. 1876ರಿಂದ 1878ರವರೆಗಿನ ಬರ ದಖ್ಖಣವನ್ನೆಲ್ಲ ನುಂಗಿತು. ಹೊಳೆಯ ಆಚೆಯ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದವುಗಳಲ್ಲಿ ಒಂದು. 1972ರ ಬರವನ್ನು ಕಂಡವರು ಇನ್ನೂ ಬದುಕಿದ್ದಾರೆ. ಅವರ ಮುಂದೆ ಕಾಳು ಚೆಲ್ಲಿ ನೋಡಿ, ಒಂದೊಂದನ್ನೂ ಆರಿಸುತ್ತಾರೆ. ಮಳೆಯ ಬೆಳಿಗ್ಗೆ ಒಂದು ಹಸಿರು ಮೊಳಕೆ ಕಂಡು ಇಲ್ಲಿಯವರ ಮುಖ ಅರಳುತ್ತದಲ್ಲ, ಅದರೊಳಗೆ ಹಿರಿಯರ ಹಸಿವೂ ಇದೆ. ತಿಪ್ಪೆಯ ಬದಿಯ ರಾಜಗಿರಿ, ಹೊಲದ ಕಿರಕಸಾಲಿ, ನೆಲಕ್ಕೆ ಹಬ್ಬುವ ಗೋಳಿಪಲ್ಯಗಳನ್ನು ಅಜ್ಜಿ ಉಡಿಯಲ್ಲಿ ಕಿತ್ತು ತರುವಾಗಿನ ಹಿಗ್ಗು ಅಂಥದ್ದು. ಬಿತ್ತದೆ ಬಂದ ಮೊದಲ ಊಟ ಅದು.

ಈ ಹಿಗ್ಗನ್ನು ಜಿಲ್ಲೆಯಲ್ಲಿ ಎರಡು ಪಾಲು ಮಾಡಿದ್ದು ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರುವರಿಯಲ್ಲಿ ನಮ್ಮ ದಂಡೆಯಲ್ಲಿ ಬೇರಾರ್ ರಾಜಕುಮಾರ, ಆಚೆ ದಂಡೆಯಲ್ಲಿ ಮದರಾಸಿನ ಗವರ್ನರ್ ಅಡಿಗಲ್ಲು ಹಾಕಿದರು. 1953ರಲ್ಲಿ ಕಾಲುವೆಗೆ ನೀರು ಬಂತು. ಗಂಗಾವತಿ, ಕಾರಟಗಿಯ ಕಡೆ ಗದ್ದೆಯ ಹಸಿರು ಹಾಸಿತು, ಕ್ಯಾಂಪುಗಳೆದ್ದವು, ಅಕ್ಕಿ ಗಿರಣಿಗಳೆದ್ದವು. ಒಳ್ಳೆಯದೇ ಆಯಿತು. ಹಸಿದವರ ಹೊಟ್ಟೆ ತುಂಬಿತು. ಆದರೆ ಅಲ್ಲಿ ಬೆಳಗಿನ ಪ್ರಶ್ನೆ ಬದಲಾಯಿತು. ಡ್ಯಾಮಿನಲ್ಲಿ ಎಷ್ಟು ಅಡಿ, ಗೇಟು ಎಂದು ಬಿಡುತ್ತಾರೆ ಎಂದು ಕೇಳುತ್ತಾರೆ. ಆ ನೀರು ಬರುವುದು ಪಶ್ಚಿಮ ಘಟ್ಟದ ಮಳೆಯಿಂದ. ತೆನೆ ಬಾಗಿದ ಭತ್ತದ ಮೇಲೆ ಸ್ವಂತ ಊರಿನ ಮಳೆ ಸುರಿದರೆ ಅವರಿಗೆ ಸಂಕಟ. ಕುಷ್ಟಗಿ, ಯಲಬುರ್ಗಾ, ಕನಕಗಿರಿಯ ಒಣಹೊಲದವರು ಮಾತ್ರ ಇನ್ನೂ ಮಣ್ಣಿಗೆ ಕೈ ಹಾಕಿ ನೋಡುತ್ತಾರೆ. ಕಾಲುವೆ ಮುಟ್ಟದ ನೆಲವನ್ನು ಬೀಳು ಎಂದು ನಾವೇ ಪಹಣಿಯಲ್ಲಿ ಬರೆದೆವು. ಅಂಥ ಕಲ್ಲುಬಯಲಿನಲ್ಲಿಯೇ ತೋಳಗಳು ಉಳಿದಿದ್ದವು. ಗಂಗಾವತಿ ತಾಲ್ಲೂಕಿನ ಬಂಕಾಪುರದ ಮುನ್ನೂರು ಹೆಕ್ಟೇರಿಗೂ ಹೆಚ್ಚಿನ ಕುರುಚಲು ಬಯಲು ಈಚೆಗೆ ರಾಜ್ಯದ ಮೊದಲ ತೋಳ ವನ್ಯಧಾಮವಾಗಿದೆ. ಮಳೆಯಾದ ಮೇಲೆ ಚಿಗುರುವ ಹುಲ್ಲು, ಹುಲ್ಲಿಗೆ ಮೊಲ, ಕುರಿ, ಅವುಗಳ ಹಿಂದೆ ತೋಳ. ಲೆಕ್ಕದಲ್ಲಿ ಸೊನ್ನೆ ಎಂದು ಬರೆದ ನೆಲದ ಮೇಲೆ ಇಷ್ಟು ನಡೆದಿತ್ತು.

ಮಳೆಯ ಅಳತೆಯೂ ಈಗ ಹೊಸದು. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಬಾಟಲಿ ಎತ್ತಿ ಗಾಜಿನ ಅಳತೆಗೆ ಸುರಿದು ಓದುವ ಕಾಲ ಮುಗಿಯಿತು. 1988ರಲ್ಲಿ ಬರದ ಮೇಲೆ ಕಣ್ಣಿಡಲೆಂದು ರಾಜ್ಯ ಸರ್ಕಾರ ತೆರೆದ ಘಟಕವೇ ಇಂದಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪಂಚಾಯಿತಿಗೊಂದರಂತೆ ಅದು ನಿಲ್ಲಿಸಿದ ಯಂತ್ರಗಳು ಕಾಲು ಗಂಟೆಗೊಮ್ಮೆ ತಾವೇ ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಕಂದಾಯದವನಾಗಿ ನಾನು ಇದನ್ನು ಮೆಚ್ಚುತ್ತೇನೆ. ಯಂತ್ರಕ್ಕೆ ಶಿಫಾರಸು ನಡೆಯುವುದಿಲ್ಲ. ಆದರೆ ಪಂಚಾಯಿತಿಯ ಒಂದು ಹಳ್ಳಿಗೆ ಹೊಯ್ದ ಮಳೆ ಪಕ್ಕದ ಹಳ್ಳಿಯ ಬದು ದಾಟದೆ ಹೋಗುವುದು ನಮ್ಮಲ್ಲಿ ದಿನದ ಮಾತು. ಒಂದೇ ತಾಸಿನಲ್ಲಿ ಬಡಿದ 20 ಮಿಲಿಮೀಟರ್ ಮೇಲುಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ. ರಾತ್ರಿಯಿಡೀ ಜಿಟಿಜಿಟಿ ಎಂದ 20 ಮಿಲಿಮೀಟರ್ ಬೇರಿಗೆ ಇಳಿಯುತ್ತದೆ. ದಿನದ ಮೊತ್ತದಲ್ಲಿ ಎರಡೂ ಒಂದೇ. ಬೆಳಿಗ್ಗೆ ಹೊಲದಲ್ಲಿ ನಿಂತವನಿಗೆ ಎರಡೂ ಒಂದೇ ಆಗಿ ಕಾಣುವುದು ಸಾಧ್ಯವಿಲ್ಲ. ಮೊದಲನೆಯದರ ಮರುದಿನ ಕೆಂಪು ಹುಳ ಕಾಣದು, ಎರಡನೆಯದರ ಮರುದಿನ ಹೆಜ್ಜೆ ಇಡಲು ಜಾಗ ಇರದು.

ನಮ್ಮ ಕಚೇರಿಯ ರಿಜಿಸ್ಟರುಗಳಲ್ಲಿ ಕೊನೆಯ ಅಂಕಣದ ತಲೆಯ ಮೇಲೆ ‘ಷರಾ’ ಎಂದು ಬರೆದಿರುತ್ತದೆ. ತಾರೀಖು, ಮಿಲಿಮೀಟರ್, ಈವರೆಗಿನ ಮೊತ್ತ, ಆಮೇಲೆ ಷರಾ. ಹೆಚ್ಚಿನ ಪುಟಗಳಲ್ಲಿ ಅದು ಖಾಲಿ. ಮೇಲಧಿಕಾರಿಗಳು ಅಂಕಿ ಕೇಳುತ್ತಾರೆ, ಷರಾ ಕೇಳುವುದಿಲ್ಲ. ಈ ಬರಹದಲ್ಲಿ ನಾನು ಹೇಳಿದ್ದೆಲ್ಲ, ಬೆಣಕಲ್ಲಿನ ದೊಣೆ, ಮುನಿಯ ನಿಂತ ಪಾದ, ರಟ್ಟಕವಿಯ ಮೋಡ, ಅಜ್ಜನ ಕೆಂಪು ಹುಳ, ಆ ಅಂಕಣದಲ್ಲಿ ಬರಬೇಕಾದ ಸಂಗತಿಗಳೇ. ನಮ್ಮ ತಾಲ್ಲೂಕಿನ ಶಾಲೆಗಳಿಗೆ ಹೋದಾಗ ನಾನು ಮಾಸ್ತರರ ಮುಂದೆ ಒಂದೇ ಬೇಡಿಕೆ ಇಡುತ್ತೇನೆ. ಒಂದು ನೋಟುಬುಕ್ಕಿನಲ್ಲಿ ಮಕ್ಕಳು ಪ್ರತಿವರ್ಷ ಮೂರು ತಾರೀಖು ಬರೆದಿಡಲಿ: ಮಿರಗದ ಹುಳ ಮೊದಲು ಕಂಡದ್ದು, ಆಫ್ರಿಕಾದಿಂದ ಮುಂಗಾರಿನ ಜೊತೆ ಬರುವ ಚಾತಕ ಮೊದಲು ಕೂಗಿದ್ದು, ಹಳ್ಳದ ಜಾಲಿಯಲ್ಲಿ ಗೀಜಗ ಗೂಡಿಗೆ ಮೊದಲ ಎಳೆ ತಂದದ್ದು. ಪಕ್ಕದಲ್ಲಿ ಯಂತ್ರದ ಅಂಕಿಯೂ ಇರಲಿ, ಅಗೆದು ನೋಡಿದ ಹಸಿಯೂ ಇರಲಿ. ಮಿರಗ ಮುಂಚಿನ ಹಾಗೆ ಹೊತ್ತಿಗೆ ಬರುತ್ತಿಲ್ಲ ಎಂದು ಎಲ್ಲರೂ ಗೊಣಗುತ್ತಾರೆ. ಎಷ್ಟು ಸರಿಯಿತು, ಯಾವಾಗಿನಿಂದ ಸರಿಯಿತು ಎಂದು ಹೇಳಲು ಹತ್ತು ವರ್ಷದ ಇಂಥ ಒಂದು ಪುಸ್ತಕ ಸಾಕು. ಬೆಳಿಗ್ಗೆ ಬೇಗ ಎದ್ದು ಹುಳ ಹುಡುಕುವ ಕೆಲಸಕ್ಕೆ ಮಕ್ಕಳು ಎಂದೂ ಬೇಡ ಅನ್ನುವುದಿಲ್ಲ, ಅಷ್ಟಂತೂ ನನ್ನ ಅನುಭವ.